ಮಳೆಯ ಮೇಲೆ ಹಾಕಿದ ತಪ್ಪು

ಕೇಳುಗರೆಲ್ಲರಿಗೂ ನಮಸ್ಕಾರ.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಒಂದು ಅನುಕೂಲ ಇದೆ. ಏನು ಕೆಟ್ಟರೂ ಮಳೆಯ ಮೇಲೆ ಹಾಕಬಹುದು. ನೆಂಟರ ಮನೆ ಮದುವೆಗೆ ಹೋಗಲಿಲ್ಲವೇ? ಮಳೆ. ಸೊಸೈಟಿ ಸಾಲದ ಕಂತು ತಪ್ಪಿತೇ? ಮಳೆ. ಬೇಲಿ ಕಟ್ಟದೆ ದನ ಗದ್ದೆಗೆ ನುಗ್ಗಿತೇ? ಅದಕ್ಕೂ ಮಳೆ. ಪಾಪ, ಮಳೆ ಯಾವತ್ತೂ ಎದ್ದು ನಿಂತು ನಾನಲ್ಲ ಅಂದದ್ದಿಲ್ಲ. ನಾನೂ ಒಂದು ವರ್ಷ ನನ್ನ ತಪ್ಪನ್ನು ಹೀಗೇ ಹಂಚಿದೆ. ಅರ್ಧ ಮಳೆಯ ಮೇಲೆ, ಅರ್ಧ ಒಬ್ಬ ಮನುಷ್ಯನ ಮೇಲೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಗುಡ್ಡದ ಇಳಿಜಾರಿನಲ್ಲಿ ಮನೆ, ಅಲ್ಲಿಂದ ಕೆಳಗೆ ಹಳ್ಳದವರೆಗೆ ಎರಡು ಎಕರೆ ಅಡಿಕೆ ತೋಟ. ಅಡಿಕೆಯವರಿಗೆ ಕೊಳೆ ರೋಗ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಪೇಟೆಯಲ್ಲಿ ಕೂತು ಕೇಳುತ್ತಿರುವವರಿಗಾಗಿ ಎರಡು ಮಾತು. ಮಳೆ ಹಿಡಿದುಕೊಂಡಾಗ ಎಳೆಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಡುಹಸಿರು ಕಲೆ ಬೀಳುತ್ತದೆ. ಆಮೇಲೆ ಕಾಯಿ ಉದುರಲು ಶುರು. ಉದುರಿದ್ದನ್ನು ಹಾಗೇ ಬಿಟ್ಟರೆ ಅದರ ಮೇಲೆ ಬಿಳಿ ಬೂಸಲು. ಹನಿ ಸಿಡಿದು, ಗಾಳಿ ಬೀಸಿ, ಒಂದು ಕೊನೆಯಿಂದ, ಅಂದರೆ ಅಡಿಕೆ ಗೊನೆಯಿಂದ, ಇನ್ನೊಂದಕ್ಕೆ, ಒಬ್ಬರ ತೋಟದಿಂದ ಇನ್ನೊಬ್ಬರ ತೋಟಕ್ಕೆ ಹೋಗುತ್ತದೆ. ಅದಕ್ಕೆ ಬೇಲಿ, ಸರ್ವೆ ನಂಬರು ಒಂದೂ ಗೊತ್ತಿಲ್ಲ.

ನಮ್ಮ ಅಜ್ಜಂದಿರ ಕಾಲದಲ್ಲಿ ಮಳೆ ತಾಗದ ಹಾಗೆ ಅಡಿಕೆ ಕೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು. ಈಗ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಇದರ ಕಥೆ ಸ್ವಾರಸ್ಯದ್ದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ರೈತರು ಬಳ್ಳಿಗೆ ಮೈಲುತುತ್ತ ಎಂಬ ನೀಲಿ ತಾಮ್ರದ ಲವಣ, ಸುಣ್ಣ ಬಳಿಯುತ್ತಿದ್ದರಂತೆ. ಹಾಗೆ ಬಳಿದ ಬಳ್ಳಿಗಳಿಗೆ ರೋಗ ಬಂದಿಲ್ಲ ಎಂಬುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮ ಕಡೆಗೆ ಬಂದರೆ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆಯನ್ನು ಅಭ್ಯಾಸ ಮಾಡಿ, ಅಡಿಕೆಗೂ ಬೋರ್ಡೋ ಆಗುತ್ತದೆ ಎಂದು ತೋರಿಸಿಕೊಟ್ಟವರು. ಕಳ್ಳರಿಗೆ ಅಂತ ಮಾಡಿದ ಔಷಧಿ ನಮ್ಮ ಅಡಿಕೆ ಉಳಿಸಿತು.

ಕಲೆಸುವುದು ಕಷ್ಟವೇನಲ್ಲ. 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ 50 ಲೀಟರ್ ನೀರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಆಮೇಲೆ ತಿಕ್ಕಿ ಬೆಳಗಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಹುಳಿ ಉಳಿದಿದೆ, ಇನ್ನೂ ಸುಣ್ಣ ಬೇಕು ಅಂತ ಅರ್ಥ. ಮುಖ್ಯವಾಗಿ, ಕಲೆಸಿದ್ದನ್ನು ಆ ದಿನವೇ ಹೊಡೆದು ಮುಗಿಸಬೇಕು. ಇಟ್ಟರೆ ಅಂಟುವ ಗುಣ ಹೋಗುತ್ತದೆ, ನಾಲ್ಕು ಮಳೆಗೆ ತೊಳೆದುಹೋಗುತ್ತದೆ. ಇಷ್ಟೂ ನನಗೆ ಬಾಯಿಪಾಠ. ನಾಲ್ಕು ಜನಕ್ಕೆ ಹೇಳಿಕೊಟ್ಟವನು ನಾನು.

ಆ ವರ್ಷ ಮೇ ಕೊನೆಯ ವಾರ. ಮರ ಹತ್ತಿ ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕೊನೆಗಾರ ಬಂದು ಮೇಲಿನ ತೋಟಕ್ಕೆಲ್ಲ ಹೊಡೆದ. ನಾಳೆ ಬೆಳಿಗ್ಗೆ ಬೇಗ ಬರ್ತೇನೆ ಅಂದ. ಬೇಗ ಬರುತ್ತಾನಲ್ಲ ಅಂತ ನಾನು ಅವತ್ತು ಸಂಜೆಯೇ, ಕರೆಂಟಿಲ್ಲದ ಹೊತ್ತಿನಲ್ಲಿ, 200 ಲೀಟರಿನ ಡ್ರಮ್ಮು ಕಲೆಸಿ ಇಟ್ಟೆ. ಹೊಸ ಸುಣ್ಣ ಮುಗಿದಿತ್ತು. ಕೊಟ್ಟಿಗೆ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಒಂದು ವರ್ಷದಿಂದ ಬಿದ್ದಿದ್ದ ಸುಣ್ಣ ಹಾಕಿದೆ. ಗಾಳಿಗೆ ತೆರೆದಿಟ್ಟ ಸುಣ್ಣ ಸತ್ತುಹೋಗುತ್ತದೆ ಅಂತ ಗೊತ್ತಿಲ್ಲದೆ ಅಲ್ಲ. ಕತ್ತಲಾಗಿತ್ತು, ಕತ್ತಿ ಅದ್ದಲಿಲ್ಲ. ರಾತ್ರಿ ಗುಡುಗು ಸಿಡಿಲಿನ ಮಳೆ ಶುರುವಾದದ್ದು ಮರುದಿನವೂ ಬಿಡಲಿಲ್ಲ. ಮೂರನೇ ದಿನ ಬಿಸಿಲು ಬಂತು, ಅವನೂ ಬಂದ. 2 ಕೆಜಿ ಮೈಲುತುತ್ತದ ದುಡ್ಡು ಚೆಲ್ಲಲು ಕೈ ಬರಲಿಲ್ಲ. ಅದೇ ಡ್ರಮ್ಮಿಗೆ ಪಂಪಿನ ಪೈಪು ಹಾಕಿದೆ. ಮರದ ತುದಿಯಲ್ಲಿ ಕೂತವನಿಗೆ ಕೆಳಗಿನ ಡ್ರಮ್ಮಿನಲ್ಲಿ ಏನಿದೆ ಅಂತ ಏನು ಗೊತ್ತು?

ಆರಿದ್ರಾ ಮಳೆ ಕಳೆಯುವ ಹೊತ್ತಿಗೆ ಕೆಳಗಿನ ತೋಟದಲ್ಲಿ ಕಾಲಿಟ್ಟಲ್ಲೆಲ್ಲ ಎಳೆಕಾಯಿ. ಮೇಲಿನ ತೋಟದಲ್ಲಿ ಅಲ್ಲೊಂದು ಇಲ್ಲೊಂದು. ನಡುವೆ ಗೆರೆ ಎಳೆದ ಹಾಗಿತ್ತು. ಅದೇ ಕೊನೆಗಾರ, ಅದೇ ಪಂಪು, ಬೇರೆಯಾದದ್ದು ಡ್ರಮ್ಮು ಒಂದೇ. ಆದರೆ ನಾನು ಊರಿನ ಅಂಗಡಿಯಲ್ಲಿ, ಹತ್ತು ಜನ ಚಹಾ ಕುಡಿಯುತ್ತಿದ್ದಾಗ ಅಂದದ್ದು ಏನು? ಮಳೆ ಹಾಗೆ ಹೊಯ್ದರೆ ಯಾವ ಔಷಧಿ ನಿಲ್ಲುತ್ತದೆ? ಮೇಲಾಗಿ ಇವನು ಕೊನೆಗೆ ಸರಿಯಾಗಿ ತಾಗಿಸಲೂ ಇಲ್ಲ, ಅರ್ಧ ಆಕಾಶಕ್ಕೆ ಹೊಡೆದ. ಅವನು ಅಲ್ಲೇ ಇದ್ದ. ಲೋಟ ಕೆಳಗಿಟ್ಟು ಎದ್ದುಹೋದ. ಅವನ ಎರಡು ದಿನದ ಕೂಲಿಯಲ್ಲಿ ಒಂದು ದಿನದ್ದನ್ನು ನಾನು ಕೊಡಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ನನ್ನ ಹೆಂಡತಿ ಒಂದೇ ಒಂದು ಮಾತು ಕೇಳಿದಳು. "ಆ ಡ್ರಮ್ಮು ನೀವು ಕಲೆಸಿದ್ದು ಕರೆಂಟು ಹೋದ ಸಂಜೆ ಅಲ್ಲವಾ?" ಕೆಳಗಿನ ತೋಟಕ್ಕೆ ಬಿಸಿಲು ಕಡಿಮೆ ಅಂದೆ. ಅದು ಸುಳ್ಳೂ ಅಲ್ಲ. ನೆಪ ಹೇಳುವವನು ಪೂರ್ತಿ ಸುಳ್ಳು ಹೇಳುವುದಿಲ್ಲ, ಅರ್ಧ ನಿಜವನ್ನು ಮುಂದೆ ನಿಲ್ಲಿಸಿ ಅದರ ಬೆನ್ನ ಹಿಂದೆ ಕೂರುತ್ತಾನೆ. ಆ ಶ್ರಾವಣದಲ್ಲಿ ದೇವರಿಗೆ ತಪ್ಪು ಕಾಣಿಕೆಯನ್ನೂ ಹಾಕಿದೆ. ದೇವರ ಹತ್ತಿರ ಒಂದು ಸೌಕರ್ಯ, ಯಾವ ತಪ್ಪಿಗೆ ಅಂತ ಕೇಳುವುದಿಲ್ಲ.

ಮರುವರ್ಷ ಕೊನೆಗಾರ ಬರಲಿಲ್ಲ. ಹೇಳಿಕಳಿಸಿದರೆ ಬೇರೆ ಕಡೆ ಒಪ್ಪಿಕೊಂಡಿದ್ದೇನೆ ಅಂದ. ಉದ್ದನೆಯ ದೋಟಿ ಹಿಡಿದು ನೆಲದಲ್ಲೇ ನಿಂತು ಔಷಧಿ ಹೊಡೆಯುವ ಹುಡುಗರನ್ನು ಕರೆಸಿದೆ. ಯಾರಿಗೂ ಹೇಳದೆ ಹೊಸ ಸುಣ್ಣ ತಂದೆ, ಕತ್ತಿ ಅದ್ದಿದೆ, ಹೊತ್ತಿನ ಹೊತ್ತಿಗೆ ಕಲೆಸಿದೆ. ಮಳೆ ಹಿಂದಿನ ವರ್ಷಕ್ಕಿಂತ ಒಂದು ಕೈ ಹೆಚ್ಚೇ ಆಯಿತು. ಬಿಸಿಲು ಕಡಿಮೆಯ ಅದೇ ಕೆಳಗಿನ ತೋಟದಲ್ಲಿ ಅಡಿಕೆ ನಿಂತಿತು. ಫಸಲು ನೋಡಿ ಸಂತೋಷ ಪಡಬೇಕಾದವನು ತೋಟದ ನಡುವೆ ಮುಖ ಸಣ್ಣ ಮಾಡಿಕೊಂಡು ನಿಂತಿದ್ದೆ. ನೆಪ ಹೇಳಲು ಏನೂ ಉಳಿದಿರಲಿಲ್ಲ.

ಕೊನೆಗೂ ಅವನ ಮನೆಗೆ ಹೋದೆ. ಸಣ್ಣವರಿದ್ದಾಗ ಒಂದೇ ಹಳ್ಳದಲ್ಲಿ ಏಡಿ ಹಿಡಿದವರು ನಾವು. ಆದರೂ ನಾನು ಅವನಿಗೆ ಏಕವಚನ, ಅವನು ನನಗೆ ಗೌಡ್ರೆ. ಇದನ್ನು ಯಾಕೆ ಹೇಳಿದೆ ಅಂದರೆ, ಅವನ ಕೈ ತಪ್ಪಿದರೆ ಕೂಲಿ ಮುರಿಯುತ್ತದೆ, ನನ್ನ ಕೈ ತಪ್ಪಿದರೆ ಅದಕ್ಕೆ ಹವಾಮಾನ ಅಂತ ಹೆಸರು. ಜಗಲಿ ಮೇಲೆ ಕೂತು, "ಹೋದ ವರ್ಷದ್ದು ತಪ್ಪಾಯ್ತು ಮಾರಾಯ" ಅಂದೆ. ಅವನು ತಕ್ಷಣ, "ಬಿಡಿ ಗೌಡ್ರೆ, ಮಳೆನೇ ಹಾಗಿತ್ತು" ಅಂದ. ನೋಡಿ, ಪೆಟ್ಟು ತಿಂದವನೇ ನನಗೆ ನೆಪ ಎತ್ತಿಕೊಡುತ್ತಿದ್ದಾನೆ! ತೆಗೆದುಕೊಂಡು, ಎಲೆ ಅಡಿಕೆ ಹಾಕಿ ಎದ್ದುಬರಬಹುದಿತ್ತು. ಹೌದು, ಮನಸ್ಸು ಅತ್ತ ವಾಲಿತು ಕೂಡ.

ನಮ್ಮ ಭಾಷೆಯೂ ಇಂಥ ಹೊತ್ತಿಗೆ ಬಹಳ ಉಪಕಾರಿ. ಲೋಟ ಬಿತ್ತು ಅನ್ನುತ್ತೇವೆ, ಬೀಳಿಸಿದೆ ಅನ್ನುವುದಿಲ್ಲ. ಹಾಲು ಉಕ್ಕಿತು. ಬಸ್ಸು ತಪ್ಪಿತು. ತಪ್ಪಾಯ್ತು ಅನ್ನುವುದೂ ಹಾಗೇ. ಕೊಳೆ ಬಂದ ಹಾಗೆ ತಪ್ಪೂ ತಾನಾಗಿ ಬಂದು ಆಗಿಹೋಯಿತು. ಮಾಡಿದವನು ಆ ಮಾತಿನಲ್ಲಿ ಎಲ್ಲೂ ಇಲ್ಲ.

"ಮಳೆ ಅಲ್ಲ. ಎರಡು ರಾತ್ರಿ ಇಟ್ಟ ಔಷಧಿ ಕೊಟ್ಟೆ ನಿಂಗೆ. ಸುಣ್ಣವೂ ಹಳೇದು. ಗೊತ್ತಿದ್ದೇ ಕೊಟ್ಟೆ" ಅಂದೆ. ಹೇಳಿ ಮುಗಿಸುವಾಗ ಗಂಟಲು ಒಣಗಿತ್ತು. ಅವನು ಸುಮಾರು ಹೊತ್ತು ಅಂಗಳ ನೋಡಿದ. "ನಂಗೆ ಅವತ್ತೇ ಅನ್ನಿಸಿತ್ತು. ಹೇಳಿದ್ರೆ ನೀವು ಕೇಳ್ತಿದ್ರಾ?" ಅಂದ. ಕೊಡದ ಕೂಲಿಯನ್ನು ಮುಂದೆ ಇಟ್ಟೆ. "ಆಗ ಮಗಳ ಕಾಲೇಜು ಫೀಜು ಕಟ್ಟೋದಿತ್ತು. ಸಂಘದಲ್ಲಿ ಸಾಲ ತೆಗೆದೆ" ಅಂದ. ಬಡ್ಡಿ ಎಷ್ಟಾಯಿತು ಅಂತ ಕೇಳಿದೆ. ಅವನು ಹೇಳಲಿಲ್ಲ. ಒಳಗಿನಿಂದ ಅವನ ಹೆಂಡತಿ ಹೇಳಿದಳು, ಪೈಸೆ ಲೆಕ್ಕದಲ್ಲಿ. ಅದನ್ನೂ ಕೊಟ್ಟೆ. ಆದರೆ ಆ ಹೊತ್ತಿಗೆ ಇನ್ನೊಬ್ಬರ ಎದುರು ಕೈಚಾಚಿದ್ದಕ್ಕೆ ಯಾವ ಲೆಕ್ಕ? ಅದು ನನ್ನ ಹತ್ತಿರವೇ ಉಳಿಯಿತು.

ಬೈದದ್ದು ಅಂಗಡಿಯಲ್ಲಿ, ಹಾಗಾಗಿ ಅಂಗಡಿಯಲ್ಲೂ ಹೇಳಬೇಕಿತ್ತು. ರಾತ್ರಿಯಿಡೀ ಮಾತು ಜೋಡಿಸಿಕೊಂಡು ಹೋದೆ. ಹೇಳಿದೆ. ಒಬ್ಬರು "ಹೌದಾ" ಅಂದು ಪೇಪರಿನ ಪುಟ ತಿರುಗಿಸಿದರು. ಇಡೀ ಊರು ನನ್ನ ತಪ್ಪನ್ನೇ ಯೋಚಿಸುತ್ತಿದೆ ಅಂತ ನಾನೊಬ್ಬನೇ ತಿಳಿದಿದ್ದೆ! ಹಳ್ಳದಾಚೆಯ ತೋಟದವರು ಮಾತ್ರ ಲೋಟ ಇಟ್ಟು, "ಹಾಗಾದ್ರೆ ನಮ್ಮ ತೋಟಕ್ಕೆ ಕೊಳೆ ಹತ್ತಿದ್ದು ನಿಮ್ಮಲ್ಲಿಂದಲೇ ಅನ್ನಿ" ಅಂದರು. ಇದ್ದರೂ ಇರಬಹುದು. ಉದುರಿದ ಕಾಯಿಯನ್ನು ಹೆಕ್ಕಿಸಿ ಸುಡದೆ ಬಿಟ್ಟದ್ದೂ ನಾನೇ. ಅವರಿಗೆ ಏನು ಕೊಟ್ಟರೆ ಸರಿಹೋಗುತ್ತದೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಈಗ ಉದುರಿದ್ದನ್ನು ಅವತ್ತವತ್ತೇ ಹೆಕ್ಕಿಸುತ್ತೇನೆ, ಅಷ್ಟೇ.

ಕೊಟ್ಟಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ಡ್ರಮ್ಮು ಕಲೆಸಿದ ದಿನ, ಗಂಟೆ ಬರೆಯುತ್ತೇನೆ. ಹೊತ್ತು ಮೀರಿದ್ದನ್ನು ಚೆಲ್ಲುತ್ತೇನೆ. ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ, ಅದೇನೂ ಕಡಿಮೆಯಾಗಿಲ್ಲ.

ಕೊನೆಗಾರ ಮತ್ತೆ ಬರುತ್ತಿದ್ದಾನೆ. ಬಂದವನು ಮರ ಹತ್ತುವ ಮೊದಲು ಡ್ರಮ್ಮಿನ ಹತ್ತಿರ ಹೋಗಿ, ಸೊಂಟದ ಕತ್ತಿ ತೆಗೆದು ಅದ್ದಿ ಹಿಡಿಯುತ್ತಾನೆ. ನಾನು ಆಗಲೇ ಅದ್ದಿ ನೋಡಿರುತ್ತೇನೆ, ಹಾಗಂತ ಹೇಳುತ್ತೇನೆ ಕೂಡ. ಅವನು ತಲೆ ಅಲ್ಲಾಡಿಸಿ, ಹಿಡಿದೇ ಇರುತ್ತಾನೆ. ಒಂದಿಷ್ಟು ಚುರ್ ಅನ್ನುತ್ತದೆ, ಸುಳ್ಳು ಯಾಕೆ ಹೇಳಲಿ. ಅವನು ಕತ್ತಿ ಹೊರಗೆ ತೆಗೆಯುವವರೆಗೆ ನಾನೂ ಪಕ್ಕದಲ್ಲೇ ನಿಂತು ಅಲಗು ನೋಡುತ್ತೇನೆ.

ನಮಸ್ಕಾರ.