ಮೊಬೈಲಿನಲ್ಲಿ ಮುಗಿಯದ ಎಂ.ಎಸ್ಸಿ. ನರ್ಸಿಂಗ್

ನಮಸ್ಕಾರ. ನೈಟ್ ಡ್ಯೂಟಿ ಮುಗಿಸಿ ಹುಬ್ಬಳ್ಳಿಯಿಂದ ಗದಗಿಗೋ ಹಾವೇರಿಗೋ ಬಸ್ಸು ಹತ್ತಿದ ಸಿಸ್ಟರ್‌ಗಳು, ಬ್ರದರ್‌ಗಳು ಮೊಬೈಲಿನಲ್ಲಿ ಒಂದು ಜಾಹೀರಾತು ನೋಡಿರುತ್ತೀರಿ: ಮನೆಯಲ್ಲೇ ಕುಳಿತು ಎಂ.ಎಸ್ಸಿ. ನರ್ಸಿಂಗ್. ರೊಕ್ಕ ಕಟ್ಟಬೇಡಿ. ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಮಾಡುವ ಕೇಂದ್ರದ ಸಂಸ್ಥೆ ಯುಜಿಸಿಯ 2020ರ ನಿಯಮಾವಳಿಯಲ್ಲಿ ಆನ್‌ಲೈನಿನಲ್ಲಾಗಲಿ ದೂರಶಿಕ್ಷಣದಲ್ಲಾಗಲಿ ಕಲಿಸಬಾರದ ವಿಷಯಗಳ ಪಟ್ಟಿಯೇ ಇದೆ. ನರ್ಸಿಂಗ್ ಅದರಲ್ಲಿದೆ.

ಕಾರಣ ಪಠ್ಯಕ್ರಮದಲ್ಲೇ ಸಿಗುತ್ತದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಎರಡು ವರ್ಷದ ಪಠ್ಯದಲ್ಲಿ, ನೀವು ಆರಿಸಿಕೊಂಡ ವಿಭಾಗವೊಂದಕ್ಕೇ ಮೊದಲ ವರ್ಷ 650 ತಾಸು, ಎರಡನೆಯ ವರ್ಷ 950 ತಾಸು ಪ್ರಾಯೋಗಿಕ. ದಿನಕ್ಕೆ ಆರು ತಾಸಿನ ಪೋಸ್ಟಿಂಗ್ (ಆಸ್ಪತ್ರೆಯಲ್ಲಿನ ಕಲಿಕೆಯ ಕೆಲಸ) ಹಿಡಿದರೂ 266 ದಿನ ದಾಟುತ್ತದೆ. ತೂಕ ಕಡಿಮೆಯಿರುವ ಕೂಸಿನ ಉಸಿರು ಎಣಿಸುವುದು, ಉಸಿರೆಳೆದಾಗ ಎದೆ ಒಳಕ್ಕೆ ಸೇದುತ್ತಿದೆಯೇ ಎಂದು ಗುರುತಿಸುವುದು ಕೂಸನ್ನು ಬೆಚ್ಚಗಿಡುವ ವಾರ್ಮರ್ ಪಕ್ಕ ನಿಂತೇ ಬರಬೇಕಾದ ವಿದ್ಯೆ.

ಇದಕ್ಕಿಂತ ನಯವಾದ ಬಲೆ ಇನ್ನೊಂದಿದೆ. 'ಕಾಗದದಾಗ ರೆಗ್ಯುಲರ್ ಇರ್ತದರಿ, ನೀವು ಪರೀಕ್ಷಾಕ್ಕ ಬಂದ್ರ ಸಾಕು' ಎನ್ನುತ್ತಾರೆ ಏಜೆಂಟರು. ಪದವಿ ಕೈಗೆ ಬರುವ ಮೊದಲು ಪ್ರಾಯೋಗಿಕದಲ್ಲಿ ನೂರಕ್ಕೆ ನೂರು ಹಾಜರಾತಿ ಇರಬೇಕು. ಅದೇ ದಿನಾಂಕಕ್ಕೆ ಕೆಲಸದ ಕಡೆ ಸಂಬಳದ ಸ್ಲಿಪ್, ಕಾಲೇಜಿನ ಕಡೆ ವಾರ್ಡಿನ ಹಾಜರಿ! ಕಾಗದಪತ್ರ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಏಜೆಂಟರಲ್ಲ, ನೀವು.

ಸರಿಯಾದ ದಾರಿಗೆ ಬಿ.ಎಸ್ಸಿ. ನರ್ಸಿಂಗ್ ಅಥವಾ ಪೋಸ್ಟ್ ಬೇಸಿಕ್‌ನಲ್ಲಿ (ಡಿಪ್ಲೊಮಾ ಆದ ಮೇಲೆ ಮಾಡುವ ಬಿ.ಎಸ್ಸಿ.) ಶೇ. 55 ಅಂಕ, ನರ್ಸ್ ಆಗಿ ನೋಂದಣಿ, ಒಂದು ವರ್ಷದ ಅನುಭವ ಬೇಕು. ಜಿಎನ್ಎಂ ಡಿಪ್ಲೊಮಾ ಆದವರು ಮೊದಲು ಪೋಸ್ಟ್ ಬೇಸಿಕ್ ಮುಗಿಸಲೇಬೇಕು. ಕಾಲೇಜು ನೋಡಲು ಹೋದಾಗ ಬೋರ್ಡು ನೋಡಿ ಮರುಳಾಗಬೇಡಿ. ಬಿ.ಎಸ್ಸಿ.ಗೆ ಮಾನ್ಯತೆ ಇದ್ದ ಮಾತ್ರಕ್ಕೆ ಎಂ.ಎಸ್ಸಿ.ಗೂ ಇದೆ ಎಂದಲ್ಲ. ನಿಮ್ಮ ವಿಭಾಗಕ್ಕೆ, ಈ ವರ್ಷಕ್ಕೆ, ಎಷ್ಟು ಸೀಟಿಗೆ ಅನುಮತಿ ಎಂದು ಪತ್ರವನ್ನೇ ಕೇಳಿ. ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ನಿಮ್ಮ ಪ್ರಬಂಧಕ್ಕೆ ಗೈಡ್ ಯಾರು, ಅವರು ಈಗ ಅಲ್ಲೇ ಕೆಲಸದಲ್ಲಿದ್ದಾರೆಯೇ? ಇವನ್ನೂ ಕೇಳಿ.

ಅಮೆರಿಕದಲ್ಲಿ ಆನ್‌ಲೈನ್ ಎಂಎಸ್‌ಎನ್ (ಅಲ್ಲಿನ ನರ್ಸಿಂಗ್ ಸ್ನಾತಕೋತ್ತರ ಪದವಿ) ಇರುವುದು ನಿಜ. ಅಲ್ಲಿ ನರ್ಸಿಂಗ್ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಿಸಿಎನ್‌ಇ ಅಥವಾ ಎಸಿಇಎನ್ ಸಂಸ್ಥೆಯ ಮಾನ್ಯತೆ ಇದೆಯೇ ನೋಡಬೇಕು. ಆದರೆ ಬಹುತೇಕ ಕಡೆ ಅಲ್ಲಿನ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್ ಕೇಳುತ್ತಾರೆ, ಅಂದರೆ ಮೊದಲು ಅದರ ಪರೀಕ್ಷೆ ಎನ್‌ಕ್ಲೆಕ್ಸ್ ಪಾಸಾಗಬೇಕು. ಪೂರ್ತಿ ಆನ್‌ಲೈನ್ ಓದಿಗೆ ವಿದ್ಯಾರ್ಥಿ ವೀಸಾವೂ ಸಿಗದು.

ಕೆಲಸ ಬಿಡಲು ಆಗುವುದೇ ಇಲ್ಲ ಎನ್ನುವವರಿಗೆ ಆಸ್ಪತ್ರೆ ಆಡಳಿತದ ಎಂಬಿಎ ಆನ್‌ಲೈನಿನಲ್ಲಿದೆ. ಆಡಳಿತದ ಹುದ್ದೆಗೆ ಅದು ಉಪಯೋಗ, ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಲು ಅಲ್ಲ. ಸೇರುವ ಮೊದಲು ಯುಜಿಸಿ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ ಮೂರೂ ಇವೆಯೇ ನೋಡಿ. ಪ್ರವೇಶಕ್ಕೆ ಡೆಬ್ ಐಡಿ, ಅಂದರೆ ಆ ವಿಭಾಗದ ಜಾಲತಾಣದಲ್ಲಿ ವಿದ್ಯಾರ್ಥಿ ಮಾಡಿಕೊಳ್ಳುವ ಗುರುತಿನ ಸಂಖ್ಯೆ, ಬೇಕು. ಅದನ್ನು ನೀವೇ ಮಾಡಿಕೊಳ್ಳಿ, ಏಜೆಂಟರಿಗೆ ಓಟಿಪಿ ಹೇಳಬೇಡಿ.