ಬರ್ಲಿನ್ ಸಮಯ ಮಧ್ಯಾಹ್ನ ಎರಡು ಗಂಟೆ

ಈಗ ನಿಮಗೆ ಕಾಣುತ್ತಿರುವುದು ಬರ್ಲಿನ್ನಿನಲ್ಲಿರುವ ನಮ್ಮ ಅಡುಗೆಮನೆಯ ಗೋಡೆ ಗಡಿಯಾರ. ಇಂದು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರವಾದ್ದರಿಂದ ಅದನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಿದ್ದೇನೆ. ನಿನ್ನೆಯವರೆಗೆ ಊರಿಗೂ ಇಲ್ಲಿಗೂ ಮೂರೂವರೆ ಗಂಟೆಯ ಅಂತರವಿತ್ತು. ಇಂದಿನಿಂದ ಮಾರ್ಚ್ ಕೊನೆಯವರೆಗೆ ನಾಲ್ಕೂವರೆ. ಈ ಒಂದು ಗಂಟೆಯ ವ್ಯತ್ಯಾಸದಲ್ಲಿ ಇಲ್ಲಿ ನನಗೆ ಸಿಗಬೇಕಿದ್ದ ಕೆಲಸವೇ ಕೈತಪ್ಪಿ ಹೋಗುವುದರಲ್ಲಿತ್ತು.

2024ರ ಮಾರ್ಚ್‌ನಲ್ಲಿ ನಾನು ಬೆಂಗಳೂರಿನಲ್ಲಿದ್ದೆ. ಇಲ್ಲಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಮೊದಲ ಸಂದರ್ಶನ ಬರ್ಲಿನ್ ಸಮಯ ಮಧ್ಯಾಹ್ನ ಎರಡಕ್ಕೆ, ಅಂದರೆ ನಮ್ಮ ಸಂಜೆ ಆರೂವರೆಗೆ ನಡೆದಿತ್ತು. ಎರಡನೆಯದನ್ನು ಈಸ್ಟರ್ ರಜೆ ಮುಗಿದ ಮರುದಿನ, ಏಪ್ರಿಲ್ 2ರ ಮಂಗಳವಾರ, ಅದೇ ಎರಡು ಗಂಟೆಗೆ ಇಟ್ಟರು. ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು ಆರೂವರೆಗೆ ಐದು ನಿಮಿಷ ಇರುವಾಗಲೇ ಲ್ಯಾಪ್‌ಟಾಪ್ ಮುಂದೆ ಕುಳಿತೆ. ನೋಡಿದರೆ, ಆಗಲೇ ಎರಡು ಮೇಲ್‌ಗಳು ಬಂದು ಬಿದ್ದಿದ್ದವು. ಒಂದರಲ್ಲಿ ನಿಮಗಾಗಿ ಕಾಯುತ್ತಿದ್ದೇವೆ ಎಂದಿತ್ತು; ಇನ್ನೊಂದರಲ್ಲಿ, ಬೇರೆ ದಿನ ನೋಡೋಣವೇ ಎಂದಿತ್ತು. ಮಾರ್ಚ್ 31ರಂದು ಯುರೋಪಿನ ಗಡಿಯಾರಗಳೆಲ್ಲ ಒಂದು ಗಂಟೆ ಮುಂದಕ್ಕೆ ಹೋಗಿದ್ದು ನನಗೆ ಗೊತ್ತೇ ಇರಲಿಲ್ಲ. ನೆಟ್‌ವರ್ಕ್ ಕೈಕೊಟ್ಟಿತು ಎಂದು ಬರೆಯಲು ಕೈ ಹೋಯಿತಾದರೂ, ಕೊನೆಗೆ ಸಮಯದ ಲೆಕ್ಕ ತಪ್ಪಿದ್ದು ನನ್ನದೇ ಎಂದು ಒಪ್ಪಿಕೊಂಡು ಬರೆದೆ. ಎರಡು ದಿನ ಬಿಟ್ಟು ಮತ್ತೆ ಕರೆದರು.

ಇದನ್ನು ಮೊದಲು ಹೇಳಲು ಕಾರಣವಿದೆ: ಕೆಲಸ ಸಿಗುವುದೂ ತಪ್ಪುವುದೂ ಎಷ್ಟೋ ಸಲ ನಾವೇ ನೋಡಿಕೊಳ್ಳಬೇಕಾದ ಇಂಥ ಸಣ್ಣ ವಿಷಯಗಳಲ್ಲಿ. ‘ಅಕ್ಕಾ, ವೀಸಾ ಸ್ಪಾನ್ಸರ್‌ಶಿಪ್ ಕೊಡುವ ಕಂಪನಿ ಇದ್ದರೆ ಹೇಳಿ’ ಎಂದು ವಾರಕ್ಕೆ ನಾಲ್ಕೈದು ಜನ ನನಗೆ ಬರೆಯುತ್ತಾರೆ. ಈ ಪ್ರಶ್ನೆ ಅಮೆರಿಕ, ಬ್ರಿಟನ್‌ಗಳಿಗೆ ಹೊಂದುವಂಥದ್ದು. ಅಮೆರಿಕದ ಎಚ್-1ಬಿ ಉದ್ಯೋಗ ವೀಸಾಕ್ಕೆ ವರ್ಷಕ್ಕೆ 65,000, ಅಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20,000 ಎಂಬ ಮಿತಿಯಿದ್ದು, ಅರ್ಜಿಗಳು ಅದಕ್ಕಿಂತ ಹೆಚ್ಚಾದರೆ ಲಾಟರಿ ಎತ್ತುತ್ತಾರೆ, ಅರ್ಜಿಯನ್ನೂ ಕಂಪನಿಯೇ ಹಾಕಬೇಕು; ಬ್ರಿಟನ್ನಿನಲ್ಲಿ ಕಂಪನಿಯ ಬಳಿ ಮೊದಲೇ ಸ್ಪಾನ್ಸರ್ ಲೈಸೆನ್ಸ್ ಇರಬೇಕು. ಜರ್ಮನಿಯಲ್ಲಿ ಪರಿಣತ ಉದ್ಯೋಗಿಗಳಿಗೆ ಕೊಡುವ ಕೆಲಸ-ವಾಸದ ಪರವಾನಗಿಯಾದ ಬ್ಲೂ ಕಾರ್ಡ್‌ಗೆ ಅಂಥ ಲೈಸೆನ್ಸೂ ಇಲ್ಲ, ಲಾಟರಿಯೂ ಇಲ್ಲ. ವೀಸಾ ಅರ್ಜಿ ನಿಮ್ಮದು. ಕಂಪನಿ ಕೊಡಬೇಕಾದದ್ದು ಮುಖ್ಯವಾಗಿ ಕೆಲಸದ ಕರಾರುಪತ್ರ ಮತ್ತು ಉದ್ಯೋಗದ ವಿವರಗಳನ್ನು ತುಂಬಿದ ಒಂದು ಘೋಷಣಾ ಫಾರ್ಮ್. ಆದರೆ ಹೊರದೇಶದಿಂದ ಎಂದೂ ಯಾರನ್ನೂ ಕರೆಸಿಕೊಳ್ಳದ ಸಣ್ಣ ಕಂಪನಿಗಳಲ್ಲಿ ಎಷ್ಟೋ ಕಡೆ ಈ ವಿಷಯ ಅವರಿಗೇ ತಿಳಿದಿರುವುದಿಲ್ಲ. ನಿಮ್ಮ ಕೋಡಿಂಗ್ ಎಷ್ಟೇ ಚೆನ್ನಾಗಿದ್ದರೂ, ಇವರನ್ನು ಕರೆಸಿಕೊಳ್ಳುವುದು ಎಷ್ಟು ತಲೆನೋವೋ ಎಂಬ ಅಂಜಿಕೆಯಲ್ಲಿಯೇ ಅರ್ಜಿ ಪಕ್ಕಕ್ಕೆ ಸರಿಯುತ್ತದೆ.

ಆ ಅಂಜಿಕೆ ಕಳೆಯುವ ಕೆಲಸ ಅರ್ಜಿದಾರರದೇ ಎಂಬುದು ನನ್ನ ಅಭಿಪ್ರಾಯ. ಐದು ತಿಂಗಳು ಉತ್ತರವೇ ಬರದೆ ಬೇಸತ್ತ ಮೇಲೆ, ನನ್ನ ರೆಸ್ಯೂಮೆಯ ತಲೆಭಾಗದಲ್ಲಿ ಹೆಸರಿನ ಕೆಳಗೆ ಎರಡು ಸಾಲು ಸೇರಿಸಿದೆ: ಪದವಿ ಜರ್ಮನಿಯಲ್ಲಿ ಮಾನ್ಯ, ಬ್ಲೂ ಕಾರ್ಡ್‌ಗೆ ಅರ್ಹಳು, ನೋಟಿಸ್ ಅವಧಿ 90 ದಿನ, ಅದು ಮುಗಿದ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಬರ್ಲಿನ್ನಿನಲ್ಲಿ ಲಭ್ಯ. ಉತ್ತರಗಳು ಬರತೊಡಗಿದ್ದು ಅದರ ನಂತರವೇ. ಕಾಕತಾಳೀಯವೂ ಇರಬಹುದು, ನಾನಂತೂ ಆ ಸಾಲುಗಳನ್ನು ತೆಗೆಯುವ ಧೈರ್ಯ ಮಾಡಲಿಲ್ಲ.

ಪದವಿ ಮಾನ್ಯವೇ ಎಂಬುದನ್ನು ಅನಾಬಿನ್ ಎಂಬ ಜರ್ಮನಿಯ ಸರ್ಕಾರಿ ದತ್ತಾಂಶ ಕೋಶದಲ್ಲಿ ನೋಡಬೇಕು. ನನ್ನ ಗೆಳತಿಯೊಬ್ಬಳು ಅದರಲ್ಲಿ ತನ್ನ ಎಂಜಿನಿಯರಿಂಗ್ ಕಾಲೇಜಿನ ಹೆಸರು ಹುಡುಕಿ, ಸಿಗದೆ ಗಾಬರಿಯಾಗಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದಳು. ಹುಡುಕಬೇಕಾದದ್ದು ಕಾಲೇಜನ್ನಲ್ಲ, ಪದವಿ ಕೊಟ್ಟದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಾದರೆ ಆ ಹೆಸರನ್ನು. ವಿಶ್ವವಿದ್ಯಾಲಯದ ಎದುರು ಎಚ್ ಪ್ಲಸ್ (ಅಂದರೆ ಮಾನ್ಯ) ಎಂದಿರಬೇಕು. ಅದರ ಜೊತೆಗೆ, ನಿಮ್ಮ ಪದವಿ ಜರ್ಮನ್ ಪದವಿಗೆ ಸಮಾನವೆಂಬ ನಮೂದು ಬೇರೆಯೇ ಪುಟದಲ್ಲಿರುತ್ತದೆ. ಎರಡನ್ನೂ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಅಲ್ಲಿ ಈ ನಮೂದುಗಳು ಸಿಗದಿದ್ದರೆ 208 ಯೂರೋ ಕಟ್ಟಿ ಪದವಿಯ ಮೌಲ್ಯಮಾಪನ ಪತ್ರ ತರಿಸಿಕೊಳ್ಳುವ ದಾರಿಯಿದೆ. 2023ರ ನವೆಂಬರ್‌ನಲ್ಲಿ ಕಾನೂನು ಸಡಿಲವಾದ ಮೇಲೆ, ಪದವಿಯೇ ಇಲ್ಲದ ಐಟಿ ಕೆಲಸಗಾರರೂ ಕಳೆದ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷದ ತಕ್ಕ ಅನುಭವ ತೋರಿಸಿದರೆ ಬ್ಲೂ ಕಾರ್ಡ್ ಪಡೆಯಬಹುದು. ಸಂಬಳಕ್ಕೂ ಕನಿಷ್ಠ ಮಿತಿಯಿದ್ದು, 2025ರಲ್ಲಿ ಅದು ವರ್ಷಕ್ಕೆ 48,300 ಯೂರೋ. ಐಟಿಯಂಥ ಕೊರತೆಯಿರುವ ವೃತ್ತಿಗಳಿಗೂ ಹೊಸದಾಗಿ ಪದವಿ ಮುಗಿಸಿದವರಿಗೂ 43,759 ಯೂರೋ 80 ಸೆಂಟ್. ಈ ಮೊತ್ತ ಪ್ರತಿ ಜನವರಿಯಲ್ಲಿ ಬದಲಾಗುತ್ತದೆ. ಅಂದಹಾಗೆ, ಇದನ್ನು ರೂಪಾಯಿಗೆ ಗುಣಿಸಿ ನೆಂಟರಿಗೆ ಹೇಳಬೇಡಿ. ಮದುವೆಯಾಗದವರ ಕೈಗೆ ಬರುವ ಹೊತ್ತಿಗೆ ತೆರಿಗೆ, ವಿಮೆ, ಪಿಂಚಣಿ ಎಂದು ಮೂರನೇ ಒಂದು ಭಾಗದಷ್ಟು ಕರಗಿರುತ್ತದೆ.

ಸಂದರ್ಶನದಲ್ಲಿ ನಾನು ಎಡವಿದ್ದು ತಂತ್ರಜ್ಞಾನದಲ್ಲಲ್ಲ, ಒಂದು ಸರ್ವನಾಮದಲ್ಲಿ. ಹಣಪಾವತಿಯ ಲೆಕ್ಕ ತಾಳೆ ನೋಡುವ ನಮ್ಮ ಪ್ರೋಗ್ರಾಮ್ ನಾಲ್ಕು ಗಂಟೆ ಓಡುತ್ತಿದ್ದುದನ್ನು ನಲವತ್ತು ನಿಮಿಷಕ್ಕೆ ಇಳಿಸಿದ ಕಥೆಯನ್ನು ‘ನಾವು ಹೀಗೆ ಮಾಡಿದೆವು, ನಾವು ಹಾಗೆ ಬದಲಿಸಿದೆವು’ ಎಂದು ಹೇಳುತ್ತಾ ಹೋದೆ. ಎದುರಿಗಿದ್ದ ಮಹಿಳೆ ಪೆನ್ನು ಕೆಳಗಿಟ್ಟು, ‘ಇದರಲ್ಲಿ ನೀವು ಮಾಡಿದ್ದೇನು?’ ಎಂದು ಕೇಳಿದರು. ನಾನು ನಾನು ಎನ್ನುವುದು ನಮ್ಮಲ್ಲಿ ಅಹಂಕಾರದ ಮಾತಾದರೆ, ಅವರಿಗೆ ಅದು ಮಾಹಿತಿ. ಆ ಪ್ರೋಗ್ರಾಮಿಗೆ ದಾಖಲೆಗಳನ್ನು ಬೇಗ ಹುಡುಕಿಕೊಡುವ ಇಂಡೆಕ್ಸ್ ಬದಲಿಸಿದ್ದು ನಾನೇ. ಒಂದೇ ಗಂಟಾಗಿ ಬರುತ್ತಿದ್ದ ದಾಖಲೆಗಳನ್ನು ಕಂತುಕಂತಾಗಿ ಓದುವಂತೆ ಮಾಡಿದ್ದು ಕೂಡ ನಾನೇ. ಅದನ್ನು ಬಿಳಿ ಹಲಗೆಯ ಮೇಲೆ ಬರೆದು ತೋರಿಸಿದ ಮೇಲೆಯೇ ಮಾತುಕತೆ ಮುಂದುವರಿಯಿತು.

ಜರ್ಮನ್ ಭಾಷೆಯ ಬಗ್ಗೆ ಒಂದು ಮಾತು. ಬರ್ಲಿನ್ನಿನ ಅನೇಕ ಹೊಸ ಕಂಪನಿಗಳಲ್ಲಿ ಇಂಗ್ಲಿಷ್ ಸಾಕು. ಹಳೆಯ ಕಾರ್ಖಾನೆಗಳ ಕಡೆಗೆ ಹೋದಷ್ಟೂ ಸಾಲದು. ಆದರೆ ಬ್ಲೂ ಕಾರ್ಡ್ ಇರುವವರಿಗೆ ಎ1 (ಆರಂಭಿಕ) ಮಟ್ಟದ ಜರ್ಮನ್ ಬಂದರೆ 27 ತಿಂಗಳಿಗೆ, ಬಿ1 (ಮಧ್ಯಮ) ಬಂದರೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿ ಸಿಗುವ ಅವಕಾಶವಿದೆ. ಆದ್ದರಿಂದಲೇ ಈ ಗಡಿಯಾರದ ಕೆಳಗೆ ನಿಮಗೆ ವ್ಯಾಕರಣದ ಪುಸ್ತಕ ಕಾಣುತ್ತಿದೆ.

2024ರ ಜೂನ್‌ನಿಂದ ಶುರುವಾದ ಅವಕಾಶ ಕಾರ್ಡ್ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಕೆಲಸ ಹುಡುಕಲೆಂದೇ ಇಲ್ಲಿ ಒಂದು ವರ್ಷದವರೆಗೆ ಇರಲು ಅದು ಬಿಡುತ್ತದೆ, ವಾರಕ್ಕೆ 20 ಗಂಟೆ ದುಡಿಯಲೂ ಬಿಡುತ್ತದೆ. ಆದರೆ ಇಲ್ಲಿನ ಖರ್ಚಿಗೆಂದು 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋದಂತೆ ಹಣ ತೋರಿಸಬೇಕು. ಮನೆಯ ಮೇಲೆ ಸಾಲ ತೆಗೆದು ಆ ಹಣ ಹೊಂದಿಸುವ ಯೋಚನೆಯಿದ್ದರೆ, ಬೆಂಗಳೂರಿನಲ್ಲಿ ಸಂಬಳ ಬರುತ್ತಿರುವಾಗಲೇ ಸಂಜೆ ಹೊತ್ತು ಸಂದರ್ಶನ ಕೊಡಿ ಎಂದೇ ನಾನು ಹೇಳುತ್ತೇನೆ.

ಏಪ್ರಿಲ್ ಕೊನೆಯ ವಾರ ಕರಾರುಪತ್ರ ಬಂತು. ಆಗಸ್ಟ್ 1ಕ್ಕೆ ಸೇರುವುದೆಂದು ಒಪ್ಪಿಕೊಂಡರು. ಬೆಂಗಳೂರಿನಲ್ಲಿ ವೀಸಾ ಅರ್ಜಿ ಕೊಡುವ ದಿನ ಜೊತೆಗೆ ಬಂದಿದ್ದ ಅಪ್ಪ, ಎರಡೆರಡು ಪ್ರತಿಯಲ್ಲಿ ಜೋಡಿಸಿದ್ದ ಫೈಲನ್ನು ತೂಗಿ ನೋಡಿ, ‘ಕೆಲಸಕ್ಕಿಂತ ಕಾಗದವೇ ಜಾಸ್ತಿ ಇದೆಯಲ್ಲಮ್ಮ’ ಎಂದರು. ಅವರು ಅಂಚೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಪಾಸ್‌ಪೋರ್ಟ್ ವೀಸಾ ಸಮೇತ ತಿಪಟೂರಿನ ಮನೆಗೆ ಬಂದಾಗ ಸಹಿ ಹಾಕಿ ತೆಗೆದುಕೊಂಡವರೂ ಅವರೇ. ಲಕೋಟೆಯನ್ನು ತಿರುಗಿಸಿ ತಿರುಗಿಸಿ, ಮೂಲೆಯ ಅಂಟನ್ನು ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಿ, ನನಗೆ ಫೋನ್ ಮಾಡಿದರು. ವೀಸಾ ಬಂದಿದೆ ಎಂದು ಹೇಳುವುದಕ್ಕೂ ಮೊದಲು ಅವರು ಕೇಳಿದ್ದು, ಇಷ್ಟು ಮುಖ್ಯವಾದ ಕಾಗದವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಯಾಕೆ ಕಳಿಸಲಿಲ್ಲ ಎಂದು.