ಕಾಪರ್ ಟಿ ತೆಗೆಸುವ ದಿನ: ತಾಮ್ರದ್ದೇ ಮತ್ತೆ, ಇಲ್ಲಾ ಹಾರ್ಮೋನ್ ಇರುವುದು?

ನಮಸ್ಕಾರ. ಇವತ್ತು ನನ್ನ ಜೊತೆ ಆಸ್ಪತ್ರೆಗೆ ಬರುತ್ತಿದ್ದೀರಿ. ಹತ್ತೂವರೆಗೆ ಅಲ್ಲಿರಬೇಕು. ಗರ್ಭ ನಿಲ್ಲದಿರಲಿ ಅಂತ ಗರ್ಭಕೋಶದೊಳಗೆ ಹಾಕಿಸಿಕೊಂಡು ಮೂರು ವರ್ಷದಿಂದ ಇರುವ ಕಾಪರ್ ಟಿ ತೆಗೆಸಿ ಬೇರೆ ಹಾಕಿಸಬೇಕು. ಮತ್ತೆ ತಾಮ್ರದ್ದೇನಾ, ಹಾರ್ಮೋನ್ ಇರುವುದಾ? ಎರಡು ತಿಂಗಳಿಂದ ಇದೇ ಯೋಚನೆ.

ಮೇಜಿನ ಮೇಲೆ ಇರುವುದು ಎರಡೂ ಮಾದರಿಗಳು. ಡಾಕ್ಟರನ್ನು ಕೇಳಿ ತಂದೆ. ಬೆಂಕಿಕಡ್ಡಿಗಿಂತ ಗಿಡ್ಡ, ಸುಮಾರು ಮೂರು ಸೆಂಟಿಮೀಟರ್. ಇದರ ಕಾಂಡಕ್ಕೆ ತಾಮ್ರದ ತಂತಿ ಸುತ್ತಿದ್ದಾರೆ. ಇನ್ನೊಂದಕ್ಕೆ ತಂತಿ ಇಲ್ಲ, ಬಿಳಿ ಕೊಳವೆ ತೊಡಿಸಿದ ಹಾಗಿದೆ. ಔಷಧಿ ಇರುವುದು ಆ ಕೊಳವೆಯಲ್ಲೇ. ಕೆಳಗೆ ಜೋತಾಡುತ್ತಿರುವ ದಾರ ನೆನಪಿಟ್ಟುಕೊಳ್ಳಿ, ಟಿ ಒಳಗಿದೆಯಾ ಅಂತ ನೋಡುವುದೂ ಎಳೆದು ತೆಗೆಯುವುದೂ ಅದರಿಂದಲೇ, ಇವತ್ತಿನ ಕಥೆಯೆಲ್ಲ ಅದರದೇ.

ನಮ್ಮ ಚಿಕ್ಕಮ್ಮ ಇದನ್ನು ಈಗಲೂ ವಂಕಿ ಅಂತಲೇ ಕರೆಯುತ್ತಾರೆ. ನನಗೂ ಆ ಹೆಸರು ಇಷ್ಟ. 1962ರಲ್ಲಿ ಬಂದ ಲಿಪ್ಪಿಸ್ ಲೂಪ್ ಅನ್ನುವ ಹಳೇ ವಂಕಿಯ ಚಿತ್ರ ನೋಡಿ, ಹಾವಿನ ಹಾಗೆ ಬಳುಕಿದ ಬರೀ ಪ್ಲಾಸ್ಟಿಕ್. ಆ ಆಕಾರಕ್ಕೆ ವಂಕಿ ಅನ್ನೋದು ಸರಿಯಾಗಿ ಕೂರುತ್ತದೆ. ಆಮೇಲೆ ಹಾವರ್ಡ್ ಟೇಟಮ್ ಅನ್ನುವ ಡಾಕ್ಟರ್ ಗರ್ಭಕೋಶಕ್ಕೆ ಹೊಂದುವ ಹಾಗೆ ಟಿ ಆಕಾರ ಮಾಡಿದರು. ತಾಮ್ರ ಸೇರಿಸಿದರೆ ಕೆಲಸ ಚೆನ್ನಾಗಿ ಆಗುತ್ತದೆ ಅಂತ ಚಿಲಿ ದೇಶದ ಹೈಮೆ ಜಿಪ್ಪರ್ ತೋರಿಸಿದರು. ಹಾರ್ಮೋನ್ ಇರುವುದು 1990ರಲ್ಲಿ ಫಿನ್ಲೆಂಡ್‌ನಲ್ಲಿ ಬಳಕೆಗೆ ಬಂತು. ಇದೆಲ್ಲ ಓದಿದರೆ ಓದುತ್ತಲೇ ಇರಬೇಕು ಅನ್ನಿಸುತ್ತದೆ. ಆಟೋ ಬಂತು, ಹೊರಡೋಣ.

ದಾರಿಯಲ್ಲಿ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನಾನು ಹಾರ್ಮೋನ್ ಬೇಡವೇ ಬೇಡ ಅಂದಿದ್ದೆ. ಗರ್ಭ ತಡೆಯುವ ಹಾರ್ಮೋನ್ ಗುಳಿಗೆ ತೆಗೆದುಕೊಳ್ಳುವಾಗ ತಲೆನೋವು ಬರುತ್ತಿತ್ತು, ಅದಕ್ಕೇ. ತಾಮ್ರ ಒಳಗಿದ್ದರೆ ವೀರ್ಯಾಣು ಸರಿಯಾಗಿ ಚಲಿಸಲಾರದು, ಬದುಕಲಾರದು, ಅಷ್ಟೇ ಅದರ ಕೆಲಸ. ಹಾಕಿದ ಗಳಿಗೆಯಿಂದಲೇ ರಕ್ಷಣೆ. 380 ಅಂತ ಬರೆದಿರುವ ಟಿ 10 ವರ್ಷ ನಡೆಯುತ್ತದೆ. ಇನ್ನೊಂದು ಮಾತು ತುಂಬಾ ಜನರಿಗೆ ಗೊತ್ತಿಲ್ಲ: ರಕ್ಷಣೆಯಿಲ್ಲದೆ ಸೇರಿದ 5 ದಿನದ ಒಳಗೆ ಕಾಪರ್ ಟಿ ಹಾಕಿಸಿದರೆ ಗರ್ಭ ನಿಲ್ಲದ ಹಾಗೆ ತಡೆಯುತ್ತದೆ, ತುರ್ತು ಗುಳಿಗೆಗಿಂತ ಚೆನ್ನಾಗಿ.

ಆದರೆ ನನ್ನ ಮುಟ್ಟು ಮೊದಲೇ ಜಾಸ್ತಿ. ಕಾಪರ್ ಟಿ ಹಾಕಿದ ಮೇಲೆ ಇನ್ನೂ ಜಾಸ್ತಿ ಆಯಿತು. ಮೊದಲ ಮೂರರಿಂದ ಆರು ತಿಂಗಳು ಹೀಗಿರುತ್ತದೆ, ಆಮೇಲೆ ಎಷ್ಟೋ ಜನರಿಗೆ ಇಳಿಯುತ್ತದೆ ಅಂದಿದ್ದರು. ನನಗೆ ಇಳಿಯಲಿಲ್ಲ. ರಾತ್ರಿ ಎರಡು ಸಲ ಎದ್ದು ಪ್ಯಾಡ್ ಬದಲಿಸಬೇಕು. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.4, ಇರಬೇಕಾದದ್ದು ಕನಿಷ್ಠ 12. ಬೇಗ ಬರಬೇಕಿತ್ತು ಅಂದರು ಡಾಕ್ಟರ್.

ಈಗ ದಾರದ ವಿಷಯ. ಇದನ್ನು ಹೇಳಲೇಬೇಕು. ಕಳೆದ ತಿಂಗಳು ಬೇರೆ ಒಂದು ಕಡೆ ತೋರಿಸಿದ್ದೆ. ಪರೀಕ್ಷೆ ಮಾಡಿದವರು "ದಾರ ಕಾಣ್ತಿಲ್ಲಮ್ಮ, ಬಿದ್ದುಹೋಗಿರಬೇಕು, ಸ್ಕ್ಯಾನ್ ಮಾಡಿಸಿ" ಅಂದು ಮುಂದಿನವರನ್ನು ಕರೆದರು. ಅಷ್ಟೇ! ಬಿದ್ದುಹೋಗಿದ್ದರೆ ಯಾವಾಗ? ಆಮೇಲಿನ ದಿನಗಳ ಲೆಕ್ಕ ಏನು? ಒಳಗೆ ಎಲ್ಲಾದರೂ ಚುಚ್ಚಿಕೊಂಡಿದ್ದರೆ? ಒಂದು ಮಾತೂ ಇಲ್ಲ.

ಆ ಹಸಿರು ಕುರ್ಚಿಯ ಶಾಟ್ ಆವತ್ತಿನದು. ಸ್ಕ್ಯಾನ್‌ಗೆ ಮೂತ್ರಕೋಶ ತುಂಬಿರಬೇಕು. ಒಂದು ಲೀಟರ್ ನೀರು ಕುಡಿದು ಕೂತೆ. ನನಗಿಂತ ಮುಂದೆ ಎಂಟು ಜನ. ಒಂದೂವರೆ ಗಂಟೆ ಆಯಿತು. ಕಾಲು ಮೇಲೆ ಕಾಲು ಹಾಕಿ, ಹಲ್ಲು ಕಚ್ಚಿ ಕೂತಿದ್ದೇನೆ. ಕರೆದರು, ನೋಡಿದರು, "ಇನ್ನೂ ಸ್ವಲ್ಪ ತುಂಬಬೇಕು, ನೀರು ಕುಡೀರಿ" ಅಂದರು. ಅಲ್ಲೇ ಕಣ್ಣಲ್ಲಿ ನೀರು ಬಂತು. ಕೊನೆಗೆ ಪರದೆಯ ಮೇಲೆ ಒಂದು ಬೆಳ್ಳನೆ ಗೆರೆ. ಕಾಪರ್ ಟಿ ಇದ್ದ ಜಾಗದಲ್ಲೇ ಭದ್ರವಾಗಿತ್ತು. ದಾರ ಮೇಲಕ್ಕೆ ಸುರುಳಿ ಸುತ್ತಿಕೊಂಡಿತ್ತು, ಅಷ್ಟೇ.

ಹಾಗಾಗಿ ಗೊತ್ತಿರಲಿ. ದಾರ ಸಿಗದಿದ್ದರೆ ಬಹಳ ಸಲ ಅದು ಗರ್ಭಕೋಶದ ಬಾಯಿಯೊಳಗೆ ಸುತ್ತಿಕೊಂಡಿರುತ್ತದೆ. ಸುಮಾರು 20 ಜನರಲ್ಲಿ ಒಬ್ಬರಿಗೆ ಟಿ ತಾನಾಗಿ ಹೊರಬರುತ್ತದೆ. ಗೋಡೆ ತೂತು ಮಾಡುವುದು ಅಪರೂಪ, ಸಾವಿರದಲ್ಲಿ ಒಂದೆರಡು. ಖಚಿತ ಆಗುವವರೆಗೆ ಕಾಂಡೋಮ್ ಬಳಸಿ, ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ. ಸ್ಕ್ಯಾನ್‌ನಲ್ಲಿ ಕಾಣದಿದ್ದರೆ ಎಕ್ಸ್‌ರೇ ಇದೆ, ಅದರಲ್ಲಿ ಕಾಣಲಿ ಅಂತಲೇ ಪ್ಲಾಸ್ಟಿಕ್‌ಗೆ ಬೇರಿಯಂ ಸೇರಿಸಿರುತ್ತಾರೆ. ಇಷ್ಟು ಹೇಳಲು ಅರ್ಧ ನಿಮಿಷ ಸಾಕು, ಅಲ್ವಾ? ಆ ಅರ್ಧ ನಿಮಿಷ ನನಗೆ ಕೊಡಲಿಲ್ಲ ಅನ್ನೋ ಸಿಟ್ಟು ಇನ್ನೂ ಹೋಗಿಲ್ಲ.

ಆಸ್ಪತ್ರೆ ಬಂತು. ಒಳಗೆ ಕ್ಯಾಮೆರಾ ಬಿಡುವುದಿಲ್ಲ, ಅದು ಸರಿಯೇ. ಮುಂದಿನದು ಆಮೇಲೆ ಕೂತು ಹೇಳುತ್ತಿರುವುದು.

ಹಾರ್ಮೋನ್ ಇರುವುದನ್ನೇ ಹಾಕಿಸಿಕೊಂಡೆ. ಮನಸ್ಸು ಬದಲಾಗಿದ್ದು ಈ ಡಾಕ್ಟರ್ ಹೇಳಿದ ಲೆಕ್ಕ ಕೇಳಿ. ನಾನು ಹಾಕಿಸಿಕೊಂಡದ್ದರಲ್ಲಿ ಲಿವೊನೋರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್ 52 ಮಿಲಿಗ್ರಾಂ ಇರುತ್ತದೆ, ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಬಿಡುತ್ತದೆ. ಕೆಲಸ ಹೆಚ್ಚಾಗಿ ಇದ್ದಲ್ಲೇ ನಡೆಯುತ್ತದೆ. ಗುಳಿಗೆಗಿಂತ ತುಂಬಾ ಕಡಿಮೆ ಔಷಧಿ ರಕ್ತಕ್ಕೆ ಸೇರುತ್ತದೆ. ಗರ್ಭಕೋಶದ ಬಾಯಿಯ ಲೋಳೆ ಗಟ್ಟಿಯಾಗುತ್ತದೆ, ಒಳಪದರ ತೆಳುವಾಗುತ್ತದೆ. ಪದರವೇ ತೆಳು ಅಂದಮೇಲೆ ರಕ್ತವೂ ಕಡಿಮೆ. ಜಾಸ್ತಿ ರಕ್ತಸ್ರಾವಕ್ಕೆ ಇದನ್ನೇ ಚಿಕಿತ್ಸೆಯಾಗಿ ಕೊಡುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟು ನಿಂತೇಹೋಗುತ್ತದೆ. ರಕ್ತ ಒಳಗೇ ಕೂಡಿಕೊಳ್ಳುತ್ತದೆ ಅನ್ನುವುದು ಶುದ್ಧ ಸುಳ್ಳು. ಪದರ ಬೆಳೆದಿರುವುದೇ ಇಲ್ಲ, ಕೂಡಿಕೊಳ್ಳಲು ಏನಿದೆ?

ತೆಗೆಯುವಾಗ ಮಸ್ಕರಾ ಬ್ರಷ್‌ನಂಥ ಸಣ್ಣ ಬ್ರಷ್ ಹಾಕಿ ತಿರುಗಿಸಿದರು, ದಾರ ಕೆಳಗೆ ಬಂತು. "ಕೆಮ್ಮಿ" ಅಂದರು, ಕೆಮ್ಮಿದೆ, ಬಂದೇಬಿಟ್ಟಿತು. ತಟ್ಟೆಯಲ್ಲಿಟ್ಟು ತೋರಿಸಿದರು. ತಾಮ್ರದ ಹೊಳಪು ಹೋಗಿ ತಂತಿ ಕಪ್ಪಾಗಿತ್ತು, ಒಂದು ಕಡೆ ಸುಣ್ಣ ಹತ್ತಿದ ಹಾಗೆ ಬಿಳಿ ಚುಕ್ಕೆ. ಮೂರು ವರ್ಷ ನನ್ನನ್ನು ಕಾಯ್ದಿದ್ದು ಅದೇ ಅಂತ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದೆ.

ಹೊಸದು ಹಾಕುವಾಗ ನೋವಾಯಿತು. ನೋವಿಲ್ಲ ಅನ್ನುವವರನ್ನು ನಂಬಬೇಡಿ, ಒಬ್ಬೊಬ್ಬರಿಗೆ ಒಂದೊಂದು ಥರ. ನನಗೆ ಜೋರಾಗಿ ಕಿವುಚಿದ ಹಾಗೆ ಒಂದು ನಿಮಿಷ, ಬೆವರು ಕಿತ್ತುಬಂತು, ಆಮೇಲೆ ಇಳಿಯಿತು. ಮರಗಟ್ಟಿಸುವ ಜೆಲ್, ಇಂಜೆಕ್ಷನ್ ಇವೆ. ಮೊದಲೇ ಬಾಯಿಬಿಟ್ಟು ಕೇಳಿ.

ಹಾಗಂತ ಎಲ್ಲರೂ ಇದನ್ನೇ ಹಾಕಿಸಿ ಅನ್ನುತ್ತಿಲ್ಲ. ನನ್ನ ಗೆಳತಿಗೆ ಮುಟ್ಟು ಮೂರೇ ದಿನ, ಅದೂ ಸ್ವಲ್ಪ. ತಿಂಗಳಿಗೆ ಸರಿಯಾಗಿ ಬಂದರೇನೇ ಅವಳಿಗೆ ನೆಮ್ಮದಿ. ಅವಳಿಗೆ ತಾಮ್ರದ್ದೇ ಸರಿ. ಸ್ತನ ಕ್ಯಾನ್ಸರ್ ಬಂದವರಿಗೆ ಹಾರ್ಮೋನ್ ಇರುವುದು ಆಗುವುದಿಲ್ಲ. ಮೈಯಲ್ಲಿ ತಾಮ್ರ ಕೂಡಿಕೊಳ್ಳುವ ವಿಲ್ಸನ್ ಕಾಯಿಲೆ ಇದ್ದರೆ, ತಾಮ್ರ ಒಗ್ಗದಿದ್ದರೆ ಕಾಪರ್ ಟಿ ಆಗುವುದಿಲ್ಲ. ಲೈಂಗಿಕ ಸೋಂಕನ್ನು ಎರಡೂ ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ ಬೇಕು. ಗರ್ಭ ತಡೆಯುವುದರಲ್ಲಿ ಎರಡೂ ಗಟ್ಟಿ, ವರ್ಷಕ್ಕೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನರಿಗಷ್ಟೇ ಗರ್ಭ ನಿಲ್ಲುತ್ತದೆ. ಹಾಗಾಗಿ ನಿಮ್ಮ ಮುಟ್ಟು ಈಗ ಹೇಗಿದೆ ಅಂತ ಮೊದಲು ನೋಡಿಕೊಳ್ಳಿ. ನಾನು ಆವತ್ತು ಅದನ್ನು ಬಿಟ್ಟು ಹಾರ್ಮೋನ್ ಅನ್ನುವ ಪದಕ್ಕೆ ಹೆದರಿದೆ.

ನನ್ನದರ ಅವಧಿ 8 ವರ್ಷ. ಮೊದಲ ಕೆಲವು ತಿಂಗಳು ಹೊತ್ತುಗೊತ್ತಿಲ್ಲದೆ ರಕ್ತದ ಕಲೆ ಕಾಣಿಸಬಹುದು, ಮೊಡವೆ ಬರಬಹುದು, ಮನಸ್ಸು ಕುಗ್ಗಿದ ಹಾಗೆ ಆಗಬಹುದು. ಆರು ತಿಂಗಳು ನೋಡುತ್ತೇನೆ. ಒಗ್ಗದಿದ್ದರೆ ತೆಗೆಸುತ್ತೇನೆ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.

ಈಗ ಬಿಸಿನೀರಿನ ಚೀಲ ಹೊಟ್ಟೆ ಮೇಲಿದೆ, ಚಾರ್ಜ್ ನಾಲ್ಕು ಪರ್ಸೆಂಟ್ ತೋರಿಸುತ್ತಿದೆ. ಆರು ವಾರಕ್ಕೆ ದಾರ ನೋಡಲು ಬರಹೇಳಿದ್ದಾರೆ. ಆವತ್ತಿನದನ್ನೂ ಹಾಕುತ್ತೇನೆ.